ನಿನಗೇನು ಬೇಕೆಂದು ಕೇಳುವ ಪ್ರೀತಿ

ಜೆರಿಕೊ ಪಟ್ಟಣದ ದಾರಿಬದಿಯಲ್ಲಿ ಕುಳಿತು ಕೂಗುತ್ತಿದ್ದ ಕುರುಡ ಬಾರ್ತಿಮಾಯನನ್ನು ಜನರು ಗದರಿಸಿ ಸುಮ್ಮನಾಗಿಸಲು ಯತ್ನಿಸಿದರು. ಪ್ರಭು ಯೇಸುವಾದರೋ ನಿಂತು, ಅವನನ್ನು ಕರೆಸಿ, ತಮ್ಮಿಂದ ಅವನಿಗೆ ಏನಾಗಬೇಕೆಂದು ವಿಚಾರಿಸಿದರು. ಅವನಿಗೆ ಬೇಕಾದುದು ದೃಷ್ಟಿಯೆಂಬುದು ದಾರಿಹೋಕರಿಗೂ ಗೊತ್ತಿದ್ದ ಸಂಗತಿ. ಆದರೂ ಪ್ರಭು ಕೇಳಿದರು. ಸಂತ ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದ ಈ ಪ್ರಶ್ನೆಯನ್ನು, ಪಾರ್ಶ್ವವಾಯು ಪೀಡಿತರನ್ನು ಆರೈಕೆ ಮಾಡುವ ಕುಟುಂಬಗಳು ವಿಶೇಷವಾಗಿ ಧ್ಯಾನಿಸಬೇಕು.

ನಾವು ಲಕ್ವವೆಂದು ಕರೆಯುವ ಈ ಕಾಯಿಲೆ, ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಬರುತ್ತದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಆದುದರಿಂದ ಹರಿಹರದಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಜನರು ದಾವಣಗೆರೆಯ ಆಸ್ಪತ್ರೆಗಳಿಗೆ ಧಾವಿಸುತ್ತಾರೆ. ಆ ಗಳಿಗೆಯಲ್ಲಿ ರೋಗಿಯ ಪರವಾಗಿ ಮನೆಯವರೇ ತೀರ್ಮಾನಿಸುವುದು ಅನಿವಾರ್ಯ. ಆದರೆ ಚೇತರಿಕೆ ಗಂಟೆಗಳ ಕೆಲಸವಲ್ಲ, ತಿಂಗಳುಗಳ ಕೆಲಸ. ಅದು ನಡೆಯುವುದು ಹೆಚ್ಚಾಗಿ ಮನೆಯಲ್ಲೇ. ಆಗಲೂ ಎಲ್ಲವನ್ನೂ ನಾವೇ ತೀರ್ಮಾನಿಸುತ್ತಾ ಹೋದರೆ ಅದು ಪ್ರೀತಿಯೇ?

ಹರಿಹರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಯ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತೂ ನಿಂತಿದೆ. ಮಗ ತಪ್ಪದೆ ವ್ಯಾಯಾಮ ಮಾಡಿಸುತ್ತಾನೆ, ಸೊಸೆ ಹೊತ್ತಿಗೆ ಸರಿಯಾಗಿ ಉಣಿಸುತ್ತಾಳೆ. ನೋಡಲು ಬಂದವರು "ಅಪ್ಪಾಜಿ ಹೇಗಿದ್ದಾರೆ?" ಎಂದು ತಂದೆಯ ಮುಂದೆಯೇ ಮಗನನ್ನು ಕೇಳುತ್ತಾರೆ. ತಂದೆ ಮಾತ್ರ ನೀರಿನ ಲೋಟವನ್ನು ಎಡಗೈಯಿಂದ ದೂಡುತ್ತಾರೆ. ಮನೆಯವರಿಗೆ ಅದು ಹಟವಾಗಿ ಕಾಣುತ್ತದೆ. ನಿಜವಾದ ಕಾರಣ ಬೇರೆ: ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಸೊಸೆಯ ಮುಂದೆ ಬಟ್ಟೆ ಒದ್ದೆಯಾದೀತೆಂಬ ನಾಚಿಕೆ. ಹೊತ್ತುಹೊತ್ತಿಗೆ ಮಗ ಕರೆದುಕೊಂಡು ಹೋದರೆ ಪರಿಹಾರವಾಗುವ ಕಷ್ಟವಿದು. ಯಾರೂ ಕೇಳಲಿಲ್ಲ, ಅಷ್ಟೇ.

ಮಾತೇ ಇಲ್ಲದವರನ್ನು ಕೇಳುವುದು ಹೇಗೆ? ಜಕರೀಯನು ಮೂಕನಾಗಿದ್ದಾಗ ಬಂಧುಗಳು ಮಗುವಿನ ಹೆಸರಿನ ಬಗ್ಗೆ ಸನ್ನೆ ಮಾಡಿ ಅವನನ್ನೇ ಕೇಳಿದರು. ಅವನು ಹಲಗೆ ತರಿಸಿಕೊಂಡು ಬರೆದನೆಂದು ಸಂತ ಲೂಕನು ತಿಳಿಸುತ್ತಾನೆ. ಅವರು ಇಡಬೇಕೆಂದಿದ್ದ ಹೆಸರು ಬೇರೆ, ತಂದೆ ಬರೆದ ಹೆಸರು ಬೇರೆ. ಪಾರ್ಶ್ವವಾಯುವಿನಿಂದ ಮಾತು ಹೋದವರಲ್ಲಿ ಕೆಲವರಿಗೆ ಬರೆಯಲೂ ಆಗದು. ಆದರೆ ಮಾತು ಹೋದ ಮಾತ್ರಕ್ಕೆ ಬುದ್ಧಿ ಹೋಗಿರುವುದಿಲ್ಲ, ಕಿವುಡೂ ಬಂದಿರುವುದಿಲ್ಲ. ಆದುದರಿಂದ ಕೂಗಿ ಮಾತನಾಡಬೇಕಿಲ್ಲ. ಎದುರಿಗೆ ಕುಳಿತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯಬೇಕು. ಚಿತ್ರಗಳನ್ನೋ ವಸ್ತುಗಳನ್ನೋ ತೋರಿಸಬಹುದು. 'ಹೌದು', 'ಇಲ್ಲ' ಅದಲುಬದಲಾಗುವುದೂ ಉಂಟು; ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಸ್ವಂತ ಮಾತು ಬಾರದ ಕೆಲವರು ಬಾಲ್ಯದಿಂದ ಬಾಯಿಪಾಠವಾದ 'ನಮೋ ಮರಿಯಾ' ಜಪವನ್ನು ಹೇಳಬಲ್ಲರು. ಅವರೊಡನೆ ಕುಳಿತು ಜಪಸರ ಮಾಡುವುದು ಅವರನ್ನು ಕುಟುಂಬದ ನಡುವೆ ಮತ್ತೆ ಕೂರಿಸಿದಂತೆ.

ಹೀಗೆ ಕೇಳಿದಾಗ ಹೊರಬರುವ ಚಿಂತೆಗಳು ಹಲವು: ಮತ್ತೊಮ್ಮೆ ಲಕ್ವ ಹೊಡೆದೀತೇ, ಬಚ್ಚಲಲ್ಲಿ ಬಿದ್ದೇನೇ, ಸಾಲವೆಷ್ಟಾಯಿತು, ಮಕ್ಕಳಿಗೆ ಹೊರೆಯಾದೆನೇ. ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಿಂದ ಬಳಲುತ್ತಾರೆ. ಅದನ್ನು ವಿಶ್ವಾಸದ ಕೊರತೆಯೆಂದು ಜರೆಯಬಾರದು. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರಿಗೆ ತಿಳಿಸಬೇಕು.

ಕೇಳುವುದೆಂದರೆ ಅವರು ಹೇಳಿದಂತೆಲ್ಲ ನಡೆಯುವುದೇ? ಅಲ್ಲ. ವ್ಯಾಯಾಮ ಬೇಡವೆಂದರೆ ಬಿಟ್ಟುಬಿಡಲಾಗದು. ಆದರೆ ಏಕೆ ಬೇಡವೆಂದು ಕೇಳಿದರೆ ಭುಜದ ನೋವು ತಿಳಿದೀತು. ಏತಕ್ಕಾಗಿ ನಡೆಯಬೇಕೆಂದಿದ್ದಾರೆಂದು ಕೇಳಿದರೆ, ಭಾನುವಾರದ ಬಲಿಪೂಜೆಗೆ ತಮ್ಮ ಕಾಲ ಮೇಲೆ ಹೋಗುವ ಆಸೆ ತಿಳಿದೀತು. ಆಗ ಅದೇ ವ್ಯಾಯಾಮಕ್ಕೆ ಒಂದು ಗುರಿ ದೊರೆಯುತ್ತದೆ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದಾಗ ಅವರು ಬಯಸಿದ್ದು ಅವನು ನಡೆಯಲೆಂದು. ಪ್ರಭು ಮೊದಲು ಮುಟ್ಟಿದ್ದು ಅವನ ಅಂತರಂಗದ ಭಾರವನ್ನು, ಆನಂತರ ಕಾಲುಗಳನ್ನು. ಹೊರುವವರಿಲ್ಲದೆ ಅವನು ಬರುತ್ತಿರಲಿಲ್ಲ. ಆದರೆ ಹೊತ್ತವರಿಗೆ ಅವನ ಭಾರವೆಲ್ಲವೂ ಕಂಡಿರಲಿಲ್ಲ.

ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ನಾವು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ರೋಗಿಗಳನ್ನು ಕರೆತರುತ್ತೇವೆ, ಅವರ ಪರವಾಗಿ ಹರಕೆ ಹೊರುತ್ತೇವೆ. ಮುಂದಿನ ಸಲ ಮನೆಯಿಂದ ಹೊರಡುವ ಮುನ್ನ ಅವರ ಮಗ್ಗುಲಲ್ಲಿ ಕುಳಿತು, ಮಾತೆಯ ಬಳಿ ಏನನ್ನು ಬೇಡಿಕೊಳ್ಳಬೇಕೆಂದು ಅವರನ್ನೇ ಕೇಳೋಣ. ಉತ್ತರ ಬರಲು ತಡವಾದರೆ ಕಾಯೋಣ.