ಆಟಗಾರ ಆದರ್ಶವಾಗಬೇಕೆ?

ಹುಕ್ಕೇರಿಯ ಪ್ರೌಢಶಾಲೆಯೊಂದರ ಭಾಷಣ ಸ್ಪರ್ಧೆಗೆ ನನ್ನನ್ನು ನಿರ್ಣಾಯಕನಾಗಿ ಕರೆದಿದ್ದರು. ವಿಷಯ ‘ನನ್ನ ಆದರ್ಶ ವ್ಯಕ್ತಿ’. ಗಾಂಧೀಜಿ, ಅಂಬೇಡ್ಕರ್, ಅಬ್ದುಲ್ ಕಲಾಂ ಒಂದೊಂದು ಸಲ ಬಂದು ಹೋದರು. ಉಳಿದವರೆಲ್ಲ ಕ್ರಿಕೆಟ್ ಆಟಗಾರರು. ಮಕ್ಕಳು ರನ್ನು, ಶತಕ, ಸಂಭಾವನೆಗಳನ್ನು ಮಗ್ಗಿಯಂತೆ ಒಪ್ಪಿಸಿದರು. ತನ್ನ ಆಟಗಾರ ಎಂಥ ಮನುಷ್ಯ ಎಂದು ಒಬ್ಬರೂ ಹೇಳಲಿಲ್ಲ. ಅಂಕ ಹಾಕುವಾಗ ನನಗೆ ಸಂಕೋಚವಾಯಿತು. ಆ ಮಕ್ಕಳನ್ನು ದೂರುವ ಹಕ್ಕು ನನಗೆಲ್ಲಿತ್ತು? ಅವರ ವಯಸ್ಸಿನಲ್ಲಿ ನನಗೂ ಒಬ್ಬ ಆದರ್ಶ ಪುರುಷನಿದ್ದ. ಹೈದರಾಬಾದಿನ ಮುಹಮ್ಮದ್ ಅಝರುದ್ದೀನ್.

1984-85ರಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಮೊದಲ ಮೂರೂ ಟೆಸ್ಟ್‌ಗಳಲ್ಲಿ ಅವರು ಶತಕ ಹೊಡೆದಿದ್ದರು. 1992, 1996, 1999ರ ಮೂರು ವಿಶ್ವಕಪ್‌ಗಳಲ್ಲಿ ಭಾರತ ತಂಡದ ನಾಯಕರಾಗಿದ್ದರು. ಗೋಕಾಕದ ನಮ್ಮ ಓಣಿಯ ಹುಡುಗರು ಅವರ ಹಾಗೆ ಅಂಗಿಯ ಕಾಲರ್ ಎತ್ತಿಕೊಂಡು ತಿರುಗುತ್ತಿದ್ದೆವು. ಚೆಂಡು ಯಾವುದು, ಬ್ಯಾಟು ಯಾವುದು ಎಂದು ತಿಳಿಯದ ನನ್ನ ಅಮ್ಮಿ ಕೂಡ ಅಡುಗೆ ಮನೆಯಿಂದಲೇ, “ಅಝರ್ ಎಷ್ಟು ಮಾಡಿದ?” ಎಂದು ಕೇಳುತ್ತಿದ್ದರು. ಅವರ ಮಣಿಕಟ್ಟಿನ ಹೊಡೆತದ ಸೊಗಸು ನಮಗೆ ಇಷ್ಟವಾಗಿದ್ದುದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಡೀ ದೇಶ ಚಪ್ಪಾಳೆ ತಟ್ಟುವ ಆ ಹೆಸರು ನಮ್ಮ ಮನೆಗಳಲ್ಲೂ ಇರುವಂಥ ಹೆಸರಾಗಿತ್ತು. ನಮ್ಮ ಮರ್ಯಾದೆಯನ್ನು ನಾವು ಅವರ ಬ್ಯಾಟಿಗೆ ಕಟ್ಟಿಬಿಟ್ಟಿದ್ದೆವು.

2000ದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರು ತಮ್ಮ 99ನೆಯ ಟೆಸ್ಟ್ ಆಡಿ 102 ರನ್ ಗಳಿಸಿದರು. ನೂರನೆಯದು ಬರಲೇ ಇಲ್ಲ. ಏಪ್ರಿಲ್‌ನಲ್ಲಿ ಎದುರಾಳಿ ನಾಯಕ ಹ್ಯಾನ್ಸಿ ಕ್ರೋನಿಯೆಯ ಮೋಸದಾಟದ ಸುದ್ದಿ ಸ್ಫೋಟಿಸಿತು. ಡಿಸೆಂಬರ್‌ನಲ್ಲಿ ಕ್ರಿಕೆಟ್ ಮಂಡಳಿ ಅಝರುದ್ದೀನ್ ಅವರಿಗೆ ಆಜೀವ ನಿಷೇಧ ವಿಧಿಸಿತು.

ಆಗ ನಾನು ಕಾಲೇಜಿನ ಹುಡುಗ. ಸಹಪಾಠಿಯೊಬ್ಬ, “ನಿಮ್ಮವ ದೇಶಾನ ಮಾರಿಬಿಟ್ನಲ್ಲೋ” ಎಂದ. ನಾನು, “ನಮ್ಮವ ಅಂತನ ಅವನ್ನ ಹಿಡದಾರ” ಎಂದೆ. ಕೊರಳಪಟ್ಟಿ ಹಿಡಿಯುವವರೆಗೆ ಜಗಳ ಹೋಯಿತು. ಇಂದು ನೆನೆದರೆ ನಾಚಿಕೆಯಾಗುವುದು ಇದಕ್ಕೆ: ತನಿಖೆಯ ವರದಿಯಲ್ಲಿ ಏನಿದೆ ಎಂದು ಅವನೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಅವನು ‘ನಿಮ್ಮವ’ ಎಂಬ ಒಂದೇ ಮಾತಿನ ಮೇಲೆ ತೀರ್ಪು ಕೊಟ್ಟಿದ್ದ. ನಾನು ‘ನಮ್ಮವ’ ಎಂಬ ಒಂದೇ ಮಾತಿನ ಮೇಲೆ ಬಿಡುಗಡೆ ಮಾಡಿದ್ದೆ. ತಪ್ಪು ನಡೆದಿದೆಯೇ ಇಲ್ಲವೇ ಎಂಬ ಪ್ರಶ್ನೆ ಇಬ್ಬರಿಗೂ ಬೇಕಾಗಿರಲಿಲ್ಲ.

ಅಝರುದ್ದೀನ್ ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದರು. 2012ರ ನವೆಂಬರ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟು ಆ ನಿಷೇಧ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದಿತು. ಅವರ ಮನಸ್ಸಿನೊಳಗಿದ್ದ ಲೆಕ್ಕವನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಆದರೆ ಅಂದು ನಾನು ಆಡಿದ ಮಾತಿನ ಲೆಕ್ಕ ನನ್ನ ಬಳಿಯೇ ಇದೆ. ಒಬ್ಬ ಮನುಷ್ಯನನ್ನು ಇಡಿಯಾಗಿ ಆದರ್ಶವೆಂದು ಒಪ್ಪಿಕೊಂಡ ಮೇಲೆ, ಅವನನ್ನು ಉಳಿಸಿಕೊಳ್ಳಲು ನಾವು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನತೊಡಗುತ್ತೇವೆ. ಹೀರೋ ಕೆಟ್ಟನೋ ಬಿಟ್ಟನೋ, ಭಕ್ತನಂತೂ ಕೆಟ್ಟಿರುತ್ತಾನೆ.

ಉರ್ದು ಶಾಲೆಯಲ್ಲಿ ಆದರ್ಶಕ್ಕೆ ನಾವು ಕಲಿತ ಮಾತು ‘ನಮೂನಾ’. ಗೋಕಾಕದ ಪೇಟೆಯಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ರೈತ ತಂದ ಗೋವಿನಜೋಳದ ಚೀಲಕ್ಕೆ ಚುಚ್ಚಿ ವ್ಯಾಪಾರಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾನೆ, ಅದು ನಮೂನಾ. ಅನುಭವಿಯಾದವನು ಒಂದೇ ಕಡೆ ಚುಚ್ಚುವುದಿಲ್ಲ, ಮೇಲೆ ಒಳ್ಳೆಯ ಕಾಳು ಇಟ್ಟಿರಬಹುದೆಂದು ತಳಕ್ಕೂ ಚುಚ್ಚುತ್ತಾನೆ. ಟಿ.ವಿ. ನಮಗೆ ತೋರಿಸುವುದು ಮೇಲಿನ ಹಿಡಿಯನ್ನು ಮಾತ್ರ. ಕವರ್ ಡ್ರೈವ್ ಅಭ್ಯಾಸಕ್ಕೆ ಸಾಕ್ಷಿ, ಪ್ರತಿಭೆಗೆ ಸಾಕ್ಷಿ. ಆಟಗಾರ ಸಾಲ ತೀರಿಸುತ್ತಾನೆಯೇ, ಹೆಂಡತಿಯೊಡನೆ ಹೇಗೆ ಮಾತಾಡುತ್ತಾನೆ, ದುಡ್ಡು ಮುಂದೆ ಬಂದಾಗ ಏನು ಮಾಡುತ್ತಾನೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹಾಗಾದರೆ ತಪ್ಪು ಮಾಡದವನನ್ನು ಕೋರ್ಟಿನ ತೀರ್ಪು ನೋಡಿ ಆರಿಸಿಕೊಂಡರಾಯಿತಲ್ಲ ಎನ್ನಬಹುದು. ಅದೂ ಸಾಲದು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಮೋಸದಾಟದ ಪ್ರಕರಣದಲ್ಲಿ ನಮ್ಮ ಜಿಲ್ಲೆಯ ಹೆಸರು ಹೊತ್ತ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರ ಬಂಧನವಾಯಿತು, ಕೆಲವು ಆಟಗಾರರ ಬಂಧನವೂ ಆಯಿತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ಪಂದ್ಯ ಮಾರಿಕೊಳ್ಳುವುದು ಅಪ್ರಾಮಾಣಿಕತೆ, ಅಶಿಸ್ತು ಎನಿಸಬಹುದಾದರೂ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗುವುದಿಲ್ಲ, ಅದಕ್ಕೆ ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂಬುದು ಅದರ ಸಾರ. ಕಾನೂನಿನ ಗೆರೆ ಒಂದು ಕಡೆ ಮುಗಿಯುತ್ತದೆ. ಮನುಷ್ಯನ ನಡತೆಯ ಪ್ರಶ್ನೆ ಅಲ್ಲಿಂದ ಮುಂದೆಯೂ ಇರುತ್ತದೆ.

ಆದ್ದರಿಂದ ನನಗೆ ಅನ್ನಿಸುವುದು, ಆದರ್ಶ ಎಂಬ ಮಾತು ವ್ಯಕ್ತಿಗಿಂತ ಕೃತ್ಯಕ್ಕೆ ಒಪ್ಪುತ್ತದೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಭಾರತಕ್ಕೆ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಲ್ಲಿ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ ಜೊತೆಯಾಟ ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ರಾಹುಲ್ ದ್ರಾವಿಡ್‌ಗೆ ಮಂಡಳಿ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ತಾರತಮ್ಯ ಸಲ್ಲದೆಂದು ದ್ರಾವಿಡ್ ಹೇಳಿದ ಮೇಲೆ ಎಲ್ಲರಿಗೂ 25 ಲಕ್ಷವಾಯಿತು. ಈ ಎರಡು ಕಡೆಯೂ ಬ್ಯಾಟಿಗೆ ಕೆಲಸವಿರಲಿಲ್ಲ. ಇಬ್ಬರೂ ತಮ್ಮ ಕೈಗೆ ಬಂದದ್ದನ್ನು ಬಿಟ್ಟುಕೊಟ್ಟರು. ನಾಳೆ ಇವರ ಬಗ್ಗೆ ಏನೇ ಸುದ್ದಿ ಬರಲಿ, ಆ ಕೃತ್ಯಗಳು ಒಳ್ಳೆಯವಾಗಿಯೇ ಉಳಿಯುತ್ತವೆ.

ಆದರೆ ಮಕ್ಕಳಿಗೆ ಬರೀ ಕೃತ್ಯ ಸಾಲದು, ಒಂದು ಮುಖ ಬೇಕು ಎಂಬ ಮಾತೂ ನಿಜ. ಅದಕ್ಕೆ ಹತ್ತಿರದ ಮುಖ ತೋರಿಸಬಹುದು. ಮೂಡಲಗಿಯಲ್ಲಿ ನನ್ನ ತಂಗಿಯ ಮನೆಯಿದೆ. ಅವಳ ಮಗನೊಡನೆ ಒಮ್ಮೆ ಟೆನಿಸ್ ಬಾಲ್ ಪಂದ್ಯ ನೋಡಲು ಹೋಗಿದ್ದೆ. ಅಲ್ಲಿ ಬ್ಯಾಟಿಂಗ್ ಮಾಡುವ ತಂಡದವರೇ ಅಂಪೈರ್ ನಿಲ್ಲುವ ರೂಢಿ. ಕೊನೆಯ ಓವರಿನಲ್ಲಿ ಗೌಂಡಿ ಕೆಲಸದ ಹುಡುಗನೊಬ್ಬ ತನ್ನ ಸ್ವಂತ ಅಣ್ಣನಿಗೇ ರನೌಟ್ ಕೊಟ್ಟ. ಅವನ ತಂಡ ಸೋತಿತು, ಅವನು ಬೈಸಿಕೊಂಡ. ಅವನ ಫೋಟೋ ಯಾರೂ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಸೋದರಳಿಯನಿಗೆ ನನ್ನ ಅಝರುದ್ದೀನ್ ಕಥೆಯನ್ನೂ ಕಾಲೇಜಿನ ಜಗಳವನ್ನೂ ಹೇಳಿದೆ. ಅವನ ಕೋಣೆಯ ಗೋಡೆಯ ಮೇಲೆ ಇಂದಿನ ದೊಡ್ಡ ಆಟಗಾರನ ಪೋಸ್ಟರ್ ಇತ್ತು. ಅದನ್ನೇ ನೋಡುತ್ತ ಕೇಳಿದ:

“ಹಂಗಾದ್ರ ಮಾಮೂ, ಇದನ್ನ ಹರದ ಒಗೀಲೇನು?”

“ಬ್ಯಾಡೋ. ಆಟ ಛಲೋ ಆಡ್ತಾನ, ಇರಲಿ. ಅಂವಾ ಏನರ ತಪ್ಪು ಮಾಡಿದಾಗ ‘ಇದು ತಪ್ಪು’ ಅನ್ನಾಕ ನಿನಗ ಆಗತೈತಿ ಅಂದ್ರ ಇಟ್ಕೋ.”

ಹುಡುಗ ಬಹಳ ಹೊತ್ತು ಯೋಚಿಸಿದ. ಪೋಸ್ಟರ್ ಇನ್ನೂ ಅಲ್ಲೇ ಇದೆ.