ಉಪಕರಣಗಳ ಪರಿಮಾಣ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಮಿತಿ ಕಟ್ಟಿಕೊಳ್ಳುವುದು ವಾಡಿಕೆ. ಹಿತ್ತಿಲ ಕೋಣೆಯ ಪೆಟ್ಟಿಗೆಯಲ್ಲಿರುವ ಸುತ್ತಿಗೆ, ಉಳಿ, ಗರಗಸ, ಇಕ್ಕಳ, ಬೈರಿಗೆಗಳೂ ಅಟ್ಟದ ಮೇಲಿನ ಹಾರೆ, ಗುದ್ದಲಿಗಳೂ ಆ ಲೆಕ್ಕಕ್ಕೆ ಬರುವುದು ಅಪರೂಪ. ತುಕ್ಕು ಹಿಡಿದ ಕಬ್ಬಿಣದಲ್ಲಿ ಎಂತಹ ಮೋಹವೆಂದು ಕೇಳುವವರು ಅದನ್ನು ಒಮ್ಮೆ ಹೊರಹಾಕಲು ಯತ್ನಿಸಿ ನೋಡಬೇಕು. ಹಿಡಿ ಮುರಿದ ಬಾಚಿಯನ್ನು ಕೈಗೆತ್ತಿಕೊಂಡೊಡನೆ, ಇರಲಿ, ಎಂದಾದರೂ ಬೇಕಾದೀತು ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆಯದೆ ಮೂರ್ಛೆಯಿಂದ ಗುರುತಿಸಿದ್ದರ ಅರ್ಥ ಆಗ ತಿಳಿಯುತ್ತದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಶ್ರಯವಾಗುವ ಅಜೀವಾಧಿಕರಣದಲ್ಲಿ ನಿಕ್ಷೇಪವನ್ನೂ, ಎಂದರೆ ವಸ್ತುವನ್ನು ಇಡುವ ಕ್ರಿಯೆಯನ್ನೂ, ಎಣಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ನಾಲ್ಕು ಭೇದಗಳಿವೆ: ನೋಡದೆ ಇಡುವುದು, ಸರಿಯಾಗಿ ಶುಚಿಗೊಳಿಸದೆ ಇಡುವುದು, ಅವಸರದಿಂದ ಇಡುವುದು, ಗಮನವಿಲ್ಲದೆ ಇಡುವುದು. ತುಂಬಿ ತುಳುಕುವ ಪೆಟ್ಟಿಗೆಯೊಂದರಲ್ಲಿ ಈ ನಾಲ್ಕೂ ಒಟ್ಟಿಗೆ ಸಿಕ್ಕುತ್ತವೆ. ತಳದಲ್ಲಿ ಇರುವೆ, ಮೂಲೆಯಲ್ಲಿ ಜೇಡ, ಹಿಡಿಯ ಮರದೊಳಗೆ ಹುಳು. ಮೇಲಿನಿಂದ ಹಾರೆಯೊಂದು ಬಿದ್ದರೆ ಎಷ್ಟು ತ್ರಸಜೀವಿಗಳ ಘಾತವಾಯಿತೆಂದು ನೋಡುವವರಿಲ್ಲ. ಆದುದರಿಂದ ಉಪಕರಣಗಳನ್ನು ಗೋಡೆಯ ಮೊಳೆಗಳಿಗೆ ಕಣ್ಣಿಗೆ ಕಾಣುವಂತೆ ತೂಗುಹಾಕುವುದನ್ನು ಕೇವಲ ಅಚ್ಚುಕಟ್ಟುತನವೆನ್ನಲಾಗದು. ಎಷ್ಟನ್ನು ಹೀಗೆ ಒರಸಿ, ಎಣ್ಣೆ ಸವರಿ, ನೋಡಿಕೊಳ್ಳಬಲ್ಲನೋ ಅಷ್ಟೇ ಗೃಹಸ್ಥನ ಪರಿಮಾಣವಾಗಬೇಕು. ವರ್ಷಕ್ಕೊಮ್ಮೆ ಆಯುಧಪೂಜೆಯಂದು ಮಾತ್ರ ಬೆಳಕು ಕಾಣುವ ಗರಗಸ ಗೃಹಸ್ಥನಿಗೆ ಉಪಕರಣವಾಗಿ ಉಳಿದಿಲ್ಲ.

ಇದರ ವಿಪರೀತವೂ ಉಂಟು. ಒಂದೇ ಸುತ್ತಿಗೆ ಸಾಕೆಂದು ನಿಯಮ ಮಾಡಿ, ವಾರಕ್ಕೆರಡು ಬಾರಿ ಗುದ್ದಲಿಗಾಗಿ ನೆರೆಮನೆಯ ಬಾಗಿಲು ತಟ್ಟುವವನ ವ್ರತವನ್ನು ನೆರೆಯವನೇ ಹೊರುತ್ತಿರುತ್ತಾನೆ!

ಬಿಡಬೇಕಾದುದನ್ನು ಯಾರಿಗೆ ಕೊಡಬೇಕೆಂಬುದು ಹೆಚ್ಚು ತೊಡಕಿನ ಪ್ರಶ್ನೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ವಿವರಿಸುತ್ತ ಖಡ್ಗದ ಜೊತೆಗೆ ಕೊಡಲಿಯನ್ನೂ ನೆಲ ಅಗೆಯುವ ಸಾಧನವನ್ನೂ ಹೆಸರಿಸಿದ್ದಾರೆ. ಹಾಗಾದರೆ ಬೇಡವಾದ ಕೊಡಲಿಯನ್ನು ದಾನ ಮಾಡಿದವನು ಪುಣ್ಯ ಗಳಿಸಿದನೋ, ದೋಷವನ್ನು ಪರರ ಮನೆಗೆ ಸಾಗಿಸಿದನೋ? ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿರುವುದನ್ನು ಇಲ್ಲಿ ಮರೆಯಬಾರದು. ಅನರ್ಥವೆಂದರೆ ನಿಷ್ಪ್ರಯೋಜನ. ಬಡಗಿಯ ಕೈಯಲ್ಲಿ ಉಳಿ ಜೀವನೋಪಾಯ. ಬೇಸಾಯಗಾರನಿಗೆ ಗುದ್ದಲಿಯೂ ಹಾಗೆಯೇ. ಅಲ್ಲಿ ಆಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥಧರ್ಮವು ಅನಿವಾರ್ಯವೆಂದು ಸಹಿಸಿದೆ. ಕೇಳಿದವನ ಕಸುಬನ್ನು ವಿಚಾರಿಸದೆ, ಜಾಗ ಖಾಲಿಯಾದರೆ ಸಾಕೆಂದು ಕೊಡುವುದೇ ಅನರ್ಥ. ತಂದೆಯ ಅಂಗೈ ಸವೆಸಿದ ಹಿಡಿಯ ಉಳಿಯನ್ನು ಕೊಡಲು ಮನಸ್ಸು ಒಪ್ಪದಿರುವುದು ಸಹಜವೇ. ಮಗನು ಅದರಿಂದ ಕೆಲಸ ಮಾಡುವುದಾದರೆ ಇರಲಿ. ನೆನಪಿಗಾಗಿ ಮಾತ್ರ ಇಡುವುದಾದರೆ ಆಭರಣದಂತೆ ಅದನ್ನೂ ಪರಿಮಾಣದೊಳಗೆ ಬಹಿರಂಗವಾಗಿ ಎಣಿಸಬೇಕು. ತಮ್ಮನ ಮನೆಯಲ್ಲಿಟ್ಟು ತನ್ನದಲ್ಲವೆನ್ನುವ ಲೆಕ್ಕಾಚಾರ ಬೇಡ.

ಮೀನಿನ ಗಾಳ, ಹಕ್ಕಿಯ ಉರುಲು, ಇಲಿ ಕೊಲ್ಲುವ ಕತ್ತರಿಗಳ ಮಾತು ಬೇರೆ. ಘಾತವಲ್ಲದೆ ಅವುಗಳಿಗೆ ಬೇರೆ ಕೆಲಸವಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಅಂತಹುದು ದೊರೆತರೆ ಯಾರಿಗೂ ಕೊಡದೆ, ಮಾರದೆ, ಸುತ್ತಿಗೆಯಿಂದ ಮುರಿದು ನಿರುಪಯೋಗಿಯನ್ನಾಗಿ ಮಾಡಿದ ಬಳಿಕವೇ ಆ ಕಬ್ಬಿಣವನ್ನು ಗುಜರಿಗೆ ಹಾಕತಕ್ಕದ್ದು.