ನಳದ ನೀರು ಯಾರದು?

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಒಂದು ಪಾಠವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ: ತಾಟಿನಲ್ಲಿ ಅನ್ನ ಬಿಟ್ಟು ಏಳಕೂಡದು. ಬಡಿಸಿದುದರಲ್ಲಿ ಬೆಳೆದವನ, ತಂದವನ, ಅಟ್ಟವನ ಕಾಯಕವಿದೆ. ನಮ್ಮ ಹಿಂದೆ ಇನ್ನೊಂದು ಪಂಕ್ತಿ ಹಸಿದು ಕಾದಿದೆ. ಆದರೆ ಕೈ ತೊಳೆಯಲು ಹೋದಾಗ ಅದೇ ನಾವು ನಳವನ್ನು ತಿರುವಿ ಬಿಟ್ಟು ಮಾತಿಗೆ ನಿಲ್ಲುತ್ತಿದ್ದೆವು. ಅನ್ನದ ವಿಷಯದಲ್ಲಿದ್ದ ಪ್ರಸಾದಬುದ್ಧಿ ನೀರಿನ ವಿಷಯದಲ್ಲಿ ಏಕೆ ಇರಲಿಲ್ಲ? ಅನ್ನದ ಮುಂದೆ ಕಾದಿರುವ ಪಂಕ್ತಿ ಕಣ್ಣಿಗೆ ಕಾಣುತ್ತದೆ, ಕೊಳವೆಯ ತುದಿಯಲ್ಲಿ ಕಾದಿರುವ ಪಂಕ್ತಿ ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಮೂಡಲಗಿ ಗೋಕಾಕ ತಾಲೂಕಿನಿಂದ ಬೇರ್ಪಟ್ಟು 2018ರಲ್ಲಿ ತಾನೇ ತಾಲೂಕು ಕೇಂದ್ರವಾಯಿತು. ಕಚೇರಿಗಳು ಬಂದವು, ಮನೆಗಳು ಹೆಚ್ಚಿದವು. ಬೇಸಿಗೆಯಲ್ಲಿ ನಳದ ಧಾರೆ ಸಣ್ಣದಾದಾಗ ಬಹು ಜನ ಮಾಡುವುದನ್ನೇ ನಾನೂ ಮಾಡಿದೆ. ನಳದ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿದೆ. ನಮ್ಮ ಟಾಕಿ ಅರ್ಧ ತಾಸಿನಲ್ಲಿ ತುಂಬಿತು. ಕೆಲವು ದಿನಗಳ ಮೇಲೆ ಓಣಿಯ ಕೊನೆಯ ಮನೆಯ ಮುದುಕಿ ಬರಿಗೊಡ ಹಿಡಿದು ಬಂದು, 'ನಮ್ಮ ನಳಕ್ಕೆ ಏನಾಗಿದೆಯೋ ನೋಡಪ್ಪಾ' ಎಂದಳು. ಆಕೆಯ ನಳಕ್ಕೆ ಏನೂ ಆಗಿರಲಿಲ್ಲ. ಆಕೆಯ ಪಾಲಿನ ನೀರು ನಮ್ಮ ಮಾಳಿಗೆಯ ಮೇಲಿತ್ತು.

ಆಗ ನನ್ನ ಮನಸ್ಸು ಎರಡು ಸಮಾಧಾನಗಳನ್ನು ಹುಡುಕಿಕೊಂಡಿತು. ನೀರಿಗೆ ಕರ ಕಟ್ಟಿದ್ದೇನೆ, ಆದುದರಿಂದ ಅದು ನನ್ನದು ಎಂಬುದು ಮೊದಲನೆಯದು. ವಿಚಾರಿಸಿದರೆ ಇದು ನಿಲ್ಲುವುದಿಲ್ಲ. ನಾವು ಕಟ್ಟುವ ಹಣ ಪಂಪಿಗೆ, ವಿದ್ಯುತ್ತಿಗೆ, ಕೊಳವೆಗೆ, ಕಾಯುವ ಆಳಿಗೆ. ಅದು ನೀರನ್ನು ಹೊತ್ತು ತಂದ ಕೂಲಿಯೇ ಹೊರತು ನೀರಿನ ಬೆಲೆಯಲ್ಲ.

ಎರಡನೆಯ ಸಮಾಧಾನ ಇನ್ನೂ ಬಲವಾದುದು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಹಾಕಿಕೊಟ್ಟ ಮಾನ. ಅದರಂತೆ ಮೂವತ್ತು ಸಾವಿರ ಜನರ ಊರಿಗೆ ವರುಷಕ್ಕೆ ಬೇಕಾಗುವುದು ಸುಮಾರು 148 ಕೋಟಿ ಲೀಟರ್. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ 2,831 ಕೋಟಿ ಲೀಟರ್. ಅಷ್ಟೊಂದೇ ಅಂತಹ ಊರಿಗೆ ಹತ್ತೊಂಬತ್ತು ವರುಷ ಸಾಕು. ಇತ್ತ, ಕಬ್ಬಿಗೆ ಎರಡು ಮೀಟರ್ ನೀರೆಂದು ಹಿಡಿದರೆ ಒಂದು ಎಕರೆ ಸುಮಾರು 80 ಲಕ್ಷ ಲೀಟರ್ ಕುಡಿಯುತ್ತದೆ. ಅದು ನೂರಾ ಅರವತ್ತು ಜನರ ವರುಷದ ನೀರು. ಹೀಗಿರುವಾಗ ನನ್ನ ಎರಡು ಕೊಡಗಳದು ಯಾವ ಲೆಕ್ಕ?

ಲೆಕ್ಕ ಸರಿಯಾಗಿದೆ, ತೀರ್ಮಾನ ತಪ್ಪಾಗಿದೆ. ಕಬ್ಬು ರೈತನ ಸಂಸಾರವನ್ನು ಸಾಕುತ್ತದೆ. ಅಲ್ಲಿ ಹನಿ ನೀರಾವರಿಯನ್ನು ಹಬ್ಬಿಸುವುದು ಪ್ರತ್ಯೇಕವಾದ, ಅವಶ್ಯವಾದ ಕಾರ್ಯ. ಆದರೆ ಊರಿನ ದಿನನಿತ್ಯದ ಕೊರತೆ ಜಲಾಶಯದ ಕೊರತೆ ಮಾತ್ರವಲ್ಲ. ವಿದ್ಯುತ್ತು ಇದ್ದಷ್ಟು ಹೊತ್ತು ಪಂಪು ಎತ್ತಿದ್ದು, ಟಾಕಿ ಹಿಡಿದದ್ದು, ಕೊಳವೆ ಸೋರದೆ ಉಳಿಸಿದ್ದು, ಅಷ್ಟೇ ಅಂದಿನ ನೀರು. ಆ ಪರಿಮಿತವಾದ ಪಾಲಿನಲ್ಲಿ ನಾನು ಹೆಚ್ಚು ಸೆಳೆದ ಎರಡು ಕೊಡಗಳು ಹಿಡಕಲ್ಲಿನಿಂದ ಬಂದವುಗಳಲ್ಲ, ಕೊನೆಯ ಮನೆಯಿಂದ ಬಂದವು.

ಹಾಗೆಂದು ನೀತಿಯ ಭಾರವನ್ನೆಲ್ಲ ಮನೆವಂದಿಗರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಕೇಂದ್ರ ನಗರಾಭಿವೃದ್ಧಿ ಇಲಾಖೆ 2008ರಲ್ಲಿ ಗೊತ್ತುಪಡಿಸಿದ ಮಾನದಂಡದಂತೆ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಶೇಕಡಾ 20ನ್ನು ಮೀರಕೂಡದು. ಎಂದರೆ ಒಳ್ಳೆಯ ಆಡಳಿತದಲ್ಲಿಯೂ ಐದು ಕೊಡಗಳಲ್ಲಿ ಒಂದು ಹೋಗಬಹುದೆಂದು ಒಪ್ಪಿದಂತಾಯಿತು. ಒಡೆದ ಕೊಳವೆಯನ್ನು ದುರಸ್ತಿ ಮಾಡದ ಪುರಸಭೆ ಮಿತವ್ಯಯವನ್ನು ಬೋಧಿಸಿದರೆ ಜನ ನಕ್ಕಾರು. ಮೊದಲು ಸೋರಿಕೆಯನ್ನು ಅಳೆದು ತಡೆಯುವುದು, ಅನಂತರ ಎಲ್ಲ ಓಣಿಗಳಿಗೂ ಸಮನಾದ ಸರದಿ, ಆಮೇಲೆ ಹೊಸ ಬಡಾವಣೆಗೆ ಅನುಮತಿ ಕೊಡುವ ಮುನ್ನ ನೀರಿನ ಲೆಕ್ಕ, ಇದು ಯೋಜನೆಯ ಕ್ರಮವಾಗಬೇಕು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕಾಗಿ ಬೆಳಗಾವಿಯಲ್ಲಿ ಬಾವಿಯೊಂದನ್ನು ತೋಡಿದರು. ಕಾಂಗ್ರೆಸ್ ಬಾವಿ ಎಂದು ಅದು ಇಂದಿಗೂ ಉಳಿದಿದೆ. ಅತಿಥಿಗಳು ಬರುವುದಕ್ಕಿಂತ ಮೊದಲು ನೀರಿನ ಚಿಂತೆ ಮಾಡಿದ ಆ ವಿವೇಕವನ್ನು ಬೆಳೆಯುವ ಊರು ಮರೆಯಬಾರದು. ನಮ್ಮ ಹಳೆಯ ಬಾವಿಗಳ ಹೂಳು ತೆಗೆಯಬಹುದು. ಐನೂರು ಮಿಲಿಮೀಟರ್ ಮಳೆಯಾದರೂ ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ 46 ಸಾವಿರ ಲೀಟರ್ ಬೀಳುತ್ತದೆ. ಅದರ ಮುಕ್ಕಾಲು ಪಾಲನ್ನು ಹಿಡಿದರೆ ಒಬ್ಬರ ಎಂಟು ತಿಂಗಳ ನೀರು ದೊರೆಯುತ್ತದೆ.

ಆದರೆ ಯಾವ ಯೋಜನೆಯೂ ಮೋಟಾರು ಹಚ್ಚುವ ಕೈಯನ್ನು ರಾತ್ರಿಯೆಲ್ಲ ಕಾಯಲಾರದು. ಅಲ್ಲಿ ಕಾಯಬೇಕಾದುದು ಅವರವರ ಅರಿವು. ದಾಸೋಹವೆಂದರೆ ಕಂಡವರಿಗೆ ನೀಡುವುದೆಂದು ನಾವು ತಿಳಿದಿದ್ದೇವೆ. ಕಾಣದವರ ಪಾಲನ್ನು ಮುಟ್ಟದಿರುವುದೂ ದಾಸೋಹವೇ. ಅದಕ್ಕೆ ಹೊಗಳುವವರಿಲ್ಲ, ಫಲಕವೂ ಇಲ್ಲ.

ಮೋಟಾರನ್ನು ನಾನು ಬಿಚ್ಚಿದೆ. ನಮ್ಮ ಟಾಕಿ ತುಂಬಲು ಈಗ ಎರಡು ತಾಸು ಹಿಡಿಯುತ್ತದೆ. ಕೆಲವು ದಿನ ತುಂಬುವುದೂ ಇಲ್ಲ. ಉಳಿದ ಮೋಟಾರುಗಳಿನ್ನೂ ಓಣಿಯಲ್ಲಿವೆ. ಆದುದರಿಂದ ಕೊನೆಯ ಮನೆಯ ಧಾರೆ ಇನ್ನೂ ಸಣ್ಣದಾಗಿಯೇ ಇದೆ. ಒಬ್ಬನು ಬಿಟ್ಟರೆ ಸಾಲದು, ಆದರೆ ಒಬ್ಬನಾದರೂ ಮೊದಲು ಬಿಡದೆ ಉಳಿದವರನ್ನು ಕೇಳುವ ಬಾಯಿ ಯಾರಿಗೂ ಬರುವುದಿಲ್ಲ. ಈಗ ನಾನು ಕೇಳುತ್ತಿದ್ದೇನೆ. ಓದುಗ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ಕೊಳವೆ ಎಲ್ಲಿ ಮುಗಿಯುತ್ತದೆಯೋ ಆ ಮನೆಯವರೆಗೆ ಒಮ್ಮೆ ನಡೆದು ಹೋಗಿ ಬರಬೇಕೆಂದು ನನ್ನ ವಿನಂತಿ.